ಗಡಿಯಾರದ ಬಲಗೈ

ನನ್ನ ಗಂಡನನ್ನು ಬ್ಯಾಂಡಿನವರೆಲ್ಲ ಗಡಿಯಾರ ಎಂದೇ ಕರೆಯುವುದು. ಮೂವತ್ತು ವರ್ಷ ಡ್ರಮ್ ಬಾರಿಸಿದರೂ ಒಂದು ಪೆಟ್ಟು ಹಿಂದೆ ಮುಂದೆ ಆದದ್ದಿಲ್ಲ ಎಂಬ ಗೌರವಕ್ಕೆ ಬಂದ ಹೆಸರು. ಮನೆಗೆ ಮಾತ್ರ ಹೇಳಿದ ಹೊತ್ತಿಗೆ ಯಾವತ್ತೂ ಬಂದವರಲ್ಲ, ಅದು ಬೇರೆ ಮಾತು.

ಕಳೆದ ವರ್ಷ ಅವರ ಬಲಗೈ ನಡುಗತೊಡಗಿತು. ಮೊದಲು ಟೀ ಕಪ್ಪು ಸಾಸರಿನ ಮೇಲೆ ಕಟಕಟ ಎಂದಿತು. ನಾನು ತಮಾಷೆ ಮಾಡಿದೆ. ಆಮೇಲೆ ಅಂಗಿಯ ಗುಂಡಿ ಹಾಕಲು ನನ್ನನ್ನು ಕರೆದರು. ತಮಾಷೆ ಅಲ್ಲಿಗೇ ನಿಂತಿತು. ನರದ ಡಾಕ್ಟರು ಮಾತ್ರೆ ಬರೆದುಕೊಟ್ಟು, "ಕಡಿಮೆ ಆಗಬಹುದು, ಪೂರ್ತಿ ಹೋಗೋದು ಕಷ್ಟ" ಎಂದರು. ಮನೆಯ ಬಾಗಿಲು ಹಾಕಿಕೊಂಡ ಮೇಲೆ ಇವರು ಒಂದೇ ಮಾತು ಹೇಳಿದರು: "ಅಕ್ಕನಿಗೆ ಗೊತ್ತಾಗಬಾರದು."

ಅಕ್ಕ ಎಂದರೆ ಬ್ಯಾಂಡಿನ ಒಡತಿ, ಹಾಡುವವರೂ ಅವರೇ. ಕೆಟ್ಟವರಲ್ಲ, ಆದರೆ ಕೆಲಸದಲ್ಲಿ ಮುಲಾಜಿಲ್ಲ. ಕೊಳಲಿನವರ ಮುಂದಿನ ಹಲ್ಲು ಬಿದ್ದ ತಿಂಗಳಲ್ಲೇ ಅವರನ್ನು ವೇದಿಕೆಗೆ ಕರೆದು, ಬಾಯ್ತುಂಬ ಹೊಗಳಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿಬಿಟ್ಟಿದ್ದರು. ನಮ್ಮವರಿಗೆ ಕನಸಿನಲ್ಲೂ ಆ ಗೋಡೆ ಗಡಿಯಾರವೇ.

ಕಂಪ್ಯೂಟರಿನ ಯೋಚನೆ ಯಾರದು ಎಂದು ಈಗಲೂ ನಮ್ಮಲ್ಲಿ ಜಗಳವಿದೆ. ನಾನು ಶಾಲೆಯ ಆಫೀಸಿನಲ್ಲಿ ಟೈಪಿಸ್ಟ್. ಮನೆಯಲ್ಲಿ ನನ್ನ ಹಳೆಯ ಲ್ಯಾಪ್‌ಟಾಪ್ ಇತ್ತು. ಅವರು ಒಂದು ಮೈಕು, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ, ಒಂದು ಹೆಡ್‌ಫೋನು ತಂದರು. ಮಲಗುವ ಕೋಣೆಯ ಕಿಟಕಿಗೆ ಹಾಸಿಗೆ ಒರಗಿಸಿದೆವು, ಬಾಗಿಲಿಗೆ ಕಂಬಳಿ ಕಟ್ಟಿದೆವು. ಬೆಳಿಗ್ಗೆ ಎದ್ದ ಒಂದು ಗಂಟೆ ಕೈ ಸ್ವಲ್ಪ ಹೇಳಿದ ಮಾತು ಕೇಳುತ್ತಿತ್ತು. ಆ ಹೊತ್ತಿನಲ್ಲಿ ಒಂದೊಂದೇ ಪೆಟ್ಟು ಬಾರಿಸಿ ರೆಕಾರ್ಡ್ ಮಾಡುವುದು, ಆಮೇಲೆ ಆ ಪೆಟ್ಟುಗಳನ್ನು ಪರದೆಯ ಮೇಲೆ ಸಾಲಾಗಿ ಜೋಡಿಸಿ ಇಡೀ ಹಾಡಿನ ಡ್ರಮ್ ಕಟ್ಟುವುದು ಎಂದು ಯೋಜನೆ.

ಮೊದಲ ಬೆಳಿಗ್ಗೆ ನೂರಕ್ಕೂ ಹೆಚ್ಚು ಪೆಟ್ಟು ಹೊಡೆದು ಹೆಮ್ಮೆಯಿಂದ ಕೇಳಿಸಿಕೊಂಡರೆ ಡಬ್ಬಿ ಬಡಿದಂಥ ಸದ್ದು, ನಡುವೆ ಅಡುಗೆಮನೆಯಿಂದ ನಾನು ಬೈಯುತ್ತಿರುವುದು! ಹೊಸ ಮೈಕು ಸುಮ್ಮನೆ ನಿಂತಿತ್ತು; ಲ್ಯಾಪ್‌ಟಾಪು ತನ್ನ ಸ್ವಂತ ಮೈಕಿನಲ್ಲೇ ಎಲ್ಲವನ್ನೂ ಹಿಡಿದಿತ್ತು.

"ನೋಡೇ, ನಿನ್ನ ಬೈಗುಳ ಮಾತ್ರ ಎಷ್ಟು ಸ್ಪಷ್ಟವಾಗಿದೆ," ಎಂದರು.

ಕಲಿತೆವು. ನಡುಗುವ ಕೈಗೆ ಮೌಸ್ ಹಿಡಿಯಲಾಗದು, ಹಾಗಾಗಿ ಮೌಸ್ ನನ್ನದು, ಕಿವಿ ಅವರದು. ಎಲ್ಲ ಪೆಟ್ಟುಗಳನ್ನೂ ಪರದೆಯ ಮೇಲಿನ ತಾಳದ ಗೆರೆಗೆ ಸರಿಯಾಗಿ ಕೂರಿಸುವ ಗುಂಡಿಯೊಂದಿತ್ತು. ಒತ್ತಿ ಕೇಳಿಸಿದೆ. ಅವರು ಮುಖ ಸಿಂಡರಿಸಿದರು. "ಇದರಲ್ಲಿ ಜೀವ ಇಲ್ಲ ಕಣೇ. ಆ ಎರಡನೇದನ್ನ ಒಂಚೂರು ಆಚೆ ತಳ್ಳು. ಹೂಂ, ಇನ್ನೊಂಚೂರು." ಹೀಗೆ ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಳ್ಳುತ್ತ ಹದಿನಾಲ್ಕು ಹಾಡು ಮುಗಿಸಿದೆವು.

ಬ್ಯಾಂಡಿನ ಮೈಕಿನವನೊಬ್ಬನಿಗೆ ಮಾತ್ರ ಗುಟ್ಟು ಹೇಳಿದ್ದು. ಡ್ರಮ್ಮುಗಳ ಮೇಲೆ ಸ್ಪಂಜು, ಸ್ಟೂಲಿನ ಪಕ್ಕ ಬಟ್ಟೆ ಮುಚ್ಚಿದ ಲ್ಯಾಪ್‌ಟಾಪು, ಕಿವಿಯಲ್ಲೊಂದು ಇಯರ್‌ಫೋನು. ಇವರು ಬಾರಿಸಿದಂತೆ ನಟಿಸುವುದು, ಸದ್ದು ಕಂಪ್ಯೂಟರಿನದು. ಎರಡು ತಿಂಗಳು, ಏಳು ಕಾರ್ಯಕ್ರಮ ಹೀಗೇ ದಾಟಿದವು. ಪ್ರತಿ ಸಲವೂ ನಾನು ಮೂರನೇ ಸಾಲಿನಲ್ಲಿ ಕೂತು ಕರ್ಚೀಫು ಹಿಂಡುತ್ತಿದ್ದೆ. ಅವರು ಊಟ ಬಿಟ್ಟಿದ್ದರು. "ಕಳ್ಳತನ ಮಾಡಿದ ಹಾಗಾಗುತ್ತೆ," ಎನ್ನುವರು. ಮರುದಿನ ಬೆಳಿಗ್ಗೆ ಮತ್ತೆ ಹೆಡ್‌ಫೋನು ಹಾಕಿಕೊಂಡು ಕೂರುವರು.

ಎಂಟನೆಯದು ಒಂದು ಕಾರ್ಖಾನೆಯ ವಾರ್ಷಿಕೋತ್ಸವ. ಭಾನುವಾರ ಮಧ್ಯಾಹ್ನ, ಕ್ಯಾಂಟೀನಿನ ದೊಡ್ಡ ಹಾಲ್, ತಲೆಯ ಮೇಲೆ ತಗಡಿನ ಸೂರು. ಕೊನೆಯ ಹಾಡಿಗೆ ಕಾರ್ಮಿಕರೆಲ್ಲ ಎದ್ದು ದನಿಗೂಡಿಸಿದರು. ಅಕ್ಕನಿಗೂ ಹುರುಪು ಬಂತು. ಎರಡು ಸಲ ಹಾಡಬೇಕಾದ ಸಾಲನ್ನು ಮೂರನೇ ಸಲ ಎತ್ತಿಕೊಂಡರು.

ಹಾಡು ಮುಗಿದ ಮೇಲೆ 'ಇನ್ನೊಂದ್ಸಲ' ಎಂದರೆ ಮೊದಲಿನಿಂದ ಹಾಕಬಹುದು, ಅದಕ್ಕೆ ಲೆಕ್ಕವಿತ್ತು. ನಡುವೆ ಹೀಗೆ ತಿರುಗಿದರೆ? ನಾವಿಬ್ಬರೂ ಅಷ್ಟು ಯೋಚಿಸಿರಲೇ ಇಲ್ಲ. ಡ್ರಮ್ಮು ತನ್ನ ಪಾಡಿಗೆ ತಾನು ಮುಂದೆ ಹೋಯಿತು, ಧಡಧಡ ಉರುಳಿತು, ಕೊನೆಗೆ ಸಿಂಬಲ್ ತಟ್ಟೆ ಝಲ್ ಎಂದಿತು, ನಿಂತಿತು. ಅಕ್ಕ ಇನ್ನೂ ಅದೇ ಸಾಲಿನಲ್ಲಿದ್ದರು. ಇವರ ಬಲಗೈ ಮಾತ್ರ ಗಾಳಿಯಲ್ಲಿ ಆಡುತ್ತಿತ್ತು, ಸದ್ದಿಲ್ಲದೆ.

ಎಷ್ಟು ಹೊತ್ತೋ ತಿಳಿಯದು. ಇವರು ಎಡಗೈಯಿಂದ ಸ್ಪಂಜು ಕಿತ್ತೆಸೆದರು. ಬಲಗೈಯ ಕೋಲನ್ನು ಬಿಟ್ಟರು. ಅದು ಉರುಳಿ ಅಕ್ಕನ ಕಾಲ ಬುಡಕ್ಕೆ ಹೋಯಿತು. ಒಂದು ಕಾಲು, ಒಂದು ಎಡಗೈ, ಅಷ್ಟರಲ್ಲೇ ಬಾರಿಸಿದರು. ಬಲಗೈ ತೊಡೆಯ ಮೇಲೆ ಎಲ್ಲರ ಕಣ್ಣೆದುರೇ ನಡುಗುತ್ತಿತ್ತು. ಅಕ್ಕ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಹಾಡು ಮುಗಿಸಿ, ಕೋಲನ್ನು ಎತ್ತಿಕೊಂಡು ಇಳಿದು ಹೋದರು.

ಮರುದಿನ ಸಂಜೆ ಅಕ್ಕ ಮನೆಗೇ ಬಂದರು. ಕೈಯಲ್ಲಿ ಗಡಿಯಾರದ ಡಬ್ಬಿ ಇದೆಯೇ, ನಾನು ಮೊದಲು ನೋಡಿದ್ದು ಅದನ್ನೇ. ಕೋಲು ಮಾತ್ರ ಇತ್ತು.

"ಎರಡು ತಿಂಗಳಿಂದ ನನ್ನ ಬೆನ್ನ ಹಿಂದೆ ಯಾರಪ್ಪಾ ಬಾರಿಸ್ತಿದ್ದಿದ್ದು?"

"ನಾನೇ ಅಕ್ಕಾ. ಒಂದೊಂದು ಪೆಟ್ಟೂ ನಂದೇ. ಬೇಕಾದ್ರೆ ಇವಳನ್ನ ಕೇಳಿ."

"ಪೆಟ್ಟು ನಿಂದೇ ಇರಬಹುದು. ಕಿವಿ ಯಾರದು? ನಾನು ತಿರುಗಿದರೆ ಜೊತೆಗೆ ತಿರುಗೋನು ಅಂತ ತಾನೇ ನಿನ್ನನ್ನ ಹಿಂದೆ ಕೂರಿಸ್ಕೊಂಡಿದ್ದು?"

ನನಗೆ ರೇಗಿತು. "ಕೊಳಲಿನವರಿಗೆ ನೀವು ಮಾಡಿದ್ದನ್ನ ನೋಡಿದ ಮೇಲೆ ಯಾರಿಗೆ ಅಕ್ಕಾ ಬಾಯಿ ಬರುತ್ತೆ?" ಎಂದುಬಿಟ್ಟೆ.

ಅಕ್ಕ ಕೋಲನ್ನು ಮೇಜಿನ ಮೇಲಿಟ್ಟರು. "ಮುಂದಿನ ಭಾನುವಾರ ಬಾ. ಆ ಕಂಪ್ಯೂಟರ್ ಪೆಟ್ಟಿಗೆ ತರೋದಾದರೆ ತಾ, ನನಗೇನೂ ಇಲ್ಲ. ನಾನು ಮುಗಿಸೋ ಮುಂಚೆ ಅದು ಮುಗಿಸಬಾರದು, ಅಷ್ಟೇ. ಮತ್ತೆ ನಡುವೆ ಕೈಬಿಟ್ಟರೆ ಗೋಡೆ ಗಡಿಯಾರ ನಾನೇ ತರ್ತೀನಿ."

ಆರು ದಿನ. ಬಲಗೈಯ ಪಾಲನ್ನಷ್ಟೇ ಕಂಪ್ಯೂಟರಿನಲ್ಲಿ ಉಳಿಸಿ ಮಿಕ್ಕಿದ್ದನ್ನು ಅಳಿಸಿದೆವು. ಉಳಿದದ್ದನ್ನು ತುಂಡು ತುಂಡಾಗಿ ಕತ್ತರಿಸಿ, ಕಂಪ್ಯೂಟರಿಗೆ ಕಾಲಿನಲ್ಲಿ ಒತ್ತುವ ಸ್ವಿಚ್ಚೊಂದನ್ನು ಜೋಡಿಸಿದೆವು. ಎಡಗಾಲಿನಿಂದ ಸ್ವಿಚ್ಚು ಒತ್ತುವವರೆಗೆ ಒಂದೇ ತುಂಡು ಸುತ್ತುತ್ತಿರಬೇಕು, ಒತ್ತಿದರೆ ಮುಂದಿನದು. ಎಡಗೈ, ಬಲಗಾಲು ನಿಜವಾಗಿಯೇ ಬಾರಿಸಬೇಕು. ಕಾಲು ಬುಧವಾರದವರೆಗೂ ತಪ್ಪು ಒತ್ತಿತು. ಗುರುವಾರ ಅವರು ಸ್ವಿಚ್ಚನ್ನೇ ಒದ್ದರು. "ನನ್ನಿಂದ ಆಗಲ್ಲ, ಹೇಳಿಬಿಡು ಅಕ್ಕನಿಗೆ!" ನಾನು ಮಂಚದ ಕೆಳಗಿನಿಂದ ಸ್ವಿಚ್ಚು ಹುಡುಕಿ ತಂದು ಅದೇ ಜಾಗದಲ್ಲಿಟ್ಟೆ.

ಅಭ್ಯಾಸಕ್ಕೆ ಹಾಡುವವರು ಬೇಕಲ್ಲ, ನಾನೇ ನಿಂತೆ. ನನ್ನ ಕಂಠ ದೇವರಿಗೇ ಪ್ರೀತಿ. ಅವರಿಗೆ ಬೆನ್ನು ಮಾಡಿ ಬೀರುವಿನ ಕನ್ನಡಿಯ ಮುಂದೆ ನಿಂತು ಹಾಡುತ್ತಿದ್ದೆ. ಕನ್ನಡಿಯಲ್ಲಿ ಕಾಣುತ್ತಿತ್ತು: ಅವರು ಕಂಪ್ಯೂಟರನ್ನು ನೋಡುತ್ತಿರಲಿಲ್ಲ, ನನ್ನ ಹೆಗಲನ್ನೇ ನೋಡುತ್ತಿದ್ದರು. ಮದುವೆಯಾದಾಗಿನಿಂದ ಈ ಮನುಷ್ಯ ನನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದು ನನಗೆ ನೆನಪಿಲ್ಲ.

ಶನಿವಾರ ಸಂಜೆ ಕೊನೆಯ ಹಾಡು. ಆ ಸಾಲು ಒಂದು ಸಲ ಹಾಡಿದೆ, ಎರಡು ಸಲ ಹಾಡಿದೆ. ಮುಂದಿನ ಸಾಲಿಗೆ ಹೋಗಬೇಕಿತ್ತು. ಹೇಳದೆ ಕೇಳದೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಮೂರನೇ ಸಲ ಅದೇ ಸಾಲಿಗೆ ತಿರುಗಿದೆ.

ಡ್ರಮ್ಮೂ ನನ್ನ ಜೊತೆ ತಿರುಗಿತು.