ಚೆನ್ನಾಗಿದ್ದ ಕಾಲನ್ನೂ ನಿಲ್ಲಿಸಿದ್ದು

ಇವತ್ತು ಡೆಲ್ ಮಾರ್ ಬೀಚಿನಲ್ಲಿ ಹುಡುಗಿಯೊಬ್ಬಳು ಕಾಲಿನ ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಒಣ ಮರಳಿನಲ್ಲಿ ಕೂತಿದ್ದಳು. ಲಾಕ್‌ಡೌನ್ ಕಾಲದಲ್ಲಿ ನಾನೂ ಹಾಗೆ ಕೂತಿದ್ದೆ. ಆಗ ನನಗೆ ಹನ್ನೊಂದು ವರ್ಷ. ಕಾರ್ಲ್ಸ್‌ಬಾಡಿನ ನಮ್ಮ ಮನೆಯೆದುರಿನ ಇಳಿಜಾರಿನಲ್ಲಿ ಸೈಕಲ್‌ನಿಂದ ಬಿದ್ದು, ಎಡ ಮೊಣಕಾಲಿನ ಮೇಲ್ಭಾಗದ ಮೂಳೆ ಮುರಿದಿತ್ತು.

ಮೂಳೆಯೇನೋ ಕೂಡಿತು. ಆದರೂ ಅಪ್ಪ ಪ್ರತಿ ಭಾನುವಾರ ನನ್ನನ್ನು ಕಾರ್ಪೆಟ್ ಮೇಲೆ ಮಲಗಿಸಿ, ಅಮ್ಮನ ಹೊಲಿಗೆಯ ಟೇಪಿನಿಂದ ಎರಡೂ ಕಾಲು ಅಳೆಯುತ್ತಿದ್ದರು. ತಿಂಗಳುಗಳು ಕಳೆದಂತೆ ಎಡಗಾಲು ಉದ್ದದಲ್ಲಿ ಹಿಂದೆ ಬಿತ್ತು.

ಡಾಕ್ಟರ್ ಎಕ್ಸ್‌ರೇ ತೋರಿಸಿ ವಿವರಿಸಿದರು. ಮಕ್ಕಳ ಮೂಳೆಯ ತುದಿಯ ಹತ್ತಿರ ಒಂದು ತೆಳುವಾದ ಪದರವಿರುತ್ತದೆ. ಅಲ್ಲಿನ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ, ಆಮೇಲೆ ಉಬ್ಬಿ ಮೂಳೆಯನ್ನು ಉದ್ದ ಮಾಡುತ್ತವೆ. ನನ್ನ ಎಡಗಾಲಿನಲ್ಲಿ ಆ ಪದರಕ್ಕೇ ಪೆಟ್ಟಾಗಿ ಬೆಳವಣಿಗೆ ನಿಂತಿತ್ತು. ಆಪರೇಷನ್ ಮಾಡಿ ಬಲಗಾಲಿನಲ್ಲೂ ಅದನ್ನು ನಿಲ್ಲಿಸಿದರೆ ಅಂತರ ಹೆಚ್ಚುವುದಿಲ್ಲ ಎಂದರು.

ಕಾರಿನಲ್ಲಿ ನಾನು ಕೇಳಿದೆ, "ಚೆನ್ನಾಗಿರೋ ಕಾಲನ್ನ ಯಾಕಪ್ಪಾ ನಿಲ್ಲಿಸ್ಬೇಕು?"

ಅಪ್ಪ ಡ್ರೈವ್ ಮಾಡುತ್ತಿದ್ದರು. ಅಮ್ಮ ಹಿಂದೆ ತಿರುಗಿ ಹೇಳಿದಳು, "ಅದೊಂದೇ ಬೆಳೀತಾ ಹೋದ್ರೆ ನಿನ್ನ ಬೆನ್ನಿಗೆ ತೊಂದ್ರೆ ಆಗತ್ತೆ ಪುಟ್ಟಿ. ಆದ್ರೆ ಕಾಲು ನಿಂದು. ಯೋಚ್ನೆ ಮಾಡಿ ಹೇಳು."

ಎರಡು ವಾರ ಬಿಟ್ಟು, ತಿಂಡಿ ತಿನ್ನುವಾಗ, "ಮಾಡಿಸಿ" ಎಂದೆ. ಅಪ್ಪ ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಹೋದರು.

ಆಪರೇಷನ್ ಆಗಿ ಈಗ ಕುಂಟದೆ ನಡೆಯುತ್ತೇನೆ, ಆದರೆ ಹೆಚ್ಚು ಎತ್ತರ ಬೆಳೆಯಲಿಲ್ಲ. ನನಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ನನಗಿಂತ ಎತ್ತರ ಬೆಳೆದಿದ್ದಾಳೆ. ಕಪಾಟಿನ ಮೇಲಿನ ಡಬ್ಬ ಬೇಕಾದಾಗ ಅವಳನ್ನು ಕರೆಯುತ್ತೇನೆ. ಎಲ್ಲದಕ್ಕೂ ನನ್ನನ್ನು ರೇಗಿಸುವ ಅವಳು, ನನ್ನ ಎತ್ತರಕ್ಕೆ ಮಾತ್ರ ಒಂದು ದಿನವೂ ರೇಗಿಸಿಲ್ಲ.