ನೀಲಿ ಸ್ಯಾಟಿನ್ನಿನಲ್ಲಿ ಕೂತವಳು

ನಮ್ಮ ವಠಾರದಲ್ಲಿ ಬೆಳಗಾಗುತ್ತಿದ್ದದ್ದು ನೀರಿನ ಪಂಪಿನ ಸದ್ದಿಗೆ. ಕಬ್ಬಿಣದ ಹಿಡಿ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ನರಳುತ್ತಿತ್ತು. ಅಷ್ಟು ಬೇಗ ನೀರೆತ್ತುವವಳು ಹಾಬ್‌ಡೇ ಮುದುಕಿಯೊಬ್ಬಳೇ. ಮೂವತ್ತು ವರ್ಷ ಊರವರ ಬಟ್ಟೆ ಒಗೆದವಳು. ಕಣ್ಣು ಮಂಜಾಗಿ, ನಾಲ್ಕು ಹೆಜ್ಜೆಯಾಚೆಯ ಮುಖ ಅವಳಿಗೆ ಬರೀ ಒಂದು ಬಿಳಿ ಮಚ್ಚೆ. ಬಟ್ಟೆಯನ್ನು ಮಾತ್ರ ಬಾಗಿಲಿನಿಂದಲೇ ಗುರುತಿಸುತ್ತಿದ್ದಳು.

ಅವಳ ಮಗಳು ಡಾರ್ಕಸ್. ಅವಳೂ ನಾನೂ ಲೆಸ್ಟರ್ ಫೀಲ್ಡ್ಸ್ ಎಂಬ ಚೌಕದಲ್ಲಿ ಭಾವಚಿತ್ರ ಬರೆಯುವ ಲಾಸಿಟರ್ ಸಾಹೇಬರ ಮನೆಯಲ್ಲಿ ಕೆಲಸಕ್ಕಿದ್ದೆವು. ನನ್ನದು ಅಡುಗೆಮನೆ. ಅವಳು ಮಹಡಿ ಗುಡಿಸಿ, ಅಗ್ಗಿಷ್ಟಿಕೆಗೆ ಕಲ್ಲಿದ್ದಲು ಹಾಕಿ, ಆಮೇಲೆ ದೊರೆಸಾನಿಯರ ಬದಲಿಗೆ ಕೂರುತ್ತಿದ್ದಳು. ಮುಖ ಬರೆಸಿಕೊಳ್ಳಲು ದೊರೆಸಾನಿಯರು ಎರಡು ಮೂರು ಸಲ ಬರುತ್ತಿದ್ದರು, ಅಷ್ಟೆ. ಚಿತ್ರದ ಉಳಿದ ಭಾಗಕ್ಕೆ ಅವರ ಉಡುಪು ಮಾತ್ರ ಗಾಡಿಯಲ್ಲಿ ಬರುತ್ತಿತ್ತು. ಅದನ್ನು ಮರದ ಬೊಂಬೆಗೆ ತೊಡಿಸಬಹುದಿತ್ತು. ಆದರೆ ಚಿತ್ರದಲ್ಲಿ ಬಟ್ಟೆ ಬರೆಯುವುದಕ್ಕೆಂದೇ ಇದ್ದ ಮುದುಕ ವ್ಯಾನ್ ಓಸ್ಟ್‌ಗೆ ಬೊಂಬೆ ಕಂಡರಾಗದು. ಉಸಿರಿಲ್ಲದ ಎದೆಯ ಮೇಲೆ ಸ್ಯಾಟಿನ್ ಸತ್ತು ಬೀಳುತ್ತದೆ ಎನ್ನುತ್ತಿದ್ದ. ಡಾರ್ಕಸ್ ಆ ಉಡುಪು ತೊಟ್ಟು ಎರಡು ಗಂಟೆ ಕದಲದೆ ಕೂರಬಲ್ಲವಳಾಗಿದ್ದಳು.

ಈ ಮಾತನ್ನು ಅವಳು ಮನೆಯಲ್ಲಿ ಮಾತ್ರ ಹೇಳಿರಲಿಲ್ಲ. ಒಗೆಯಲು ಬಂದ ಬಟ್ಟೆಯನ್ನು ಒಂದು ಗಳಿಗೆ ಹೆಗಲಿಗೆ ಹಾಕಿಕೊಂಡರೂ ಅದು ಕಳ್ಳತನವೇ ಎಂದು ಹೇಳಿ ಅವಳ ತಾಯಿ ಬೆಳೆಸಿದ್ದಳು. ಚಿಕ್ಕಂದಿನಲ್ಲಿ ಯಾರದೋ ಲೇಸಿನ ಟೋಪಿ ತಲೆಗಿಟ್ಟು ನೋಡಿದ್ದಕ್ಕೆ ಡಾರ್ಕಸ್ ಒಂದು ದಿನ ಉಪವಾಸ ಬಿದ್ದಿದ್ದಳು.

ಆ ಮಾರ್ಚ್‌ನಲ್ಲಿ ನಡೆಯುತ್ತಿದ್ದದ್ದು ಲೇಡಿ ಆವರ್ನ್ ಅವರ ಚಿತ್ರ. ನಾನು ಹಿಟ್ಟು ನಾದುತ್ತಿದ್ದೆ. ಮುದುಕಿ ಸಾಹೇಬರ ಅಂಗಿಗಳ ಬುಟ್ಟಿ ಹೊತ್ತು ಹಿಂಬಾಗಿಲಿಗೆ ಬಂದಳು. ಕೈ ಬಿಡುವಿಲ್ಲ, ಮೇಲೆ ಡಾರ್ಕಸ್ ಇದ್ದಾಳೆ, ಅವಳಿಗೇ ಕೊಟ್ಟು ಬಾ ಅಂದೆ. ಅವಳು ಅರ್ಧ ಮೆಟ್ಟಿಲು ಏರಿದ ಮೇಲೆ, ಡಾರ್ಕಸ್ ಈಗ ಯಾರ ಉಡುಪಿನಲ್ಲಿದ್ದಾಳೆಂದು ನನಗೆ ನೆನಪಾಯಿತು. ಹಿಟ್ಟಿನ ಕೈಯಲ್ಲೇ ಓಡಿದೆ.

ಮುದುಕಿ ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ಎತ್ತರದ ಪೀಠದ ಮೇಲೆ ಕುರ್ಚಿ, ಕುರ್ಚಿಯ ತುಂಬ ನೀಲಿ ಸ್ಯಾಟಿನ್. ಮುದುಕಿ ಬುಟ್ಟಿ ಇಳಿಸಿ, ಬಾಗಿಲ ಚೌಕಟ್ಟನ್ನು ಹಿಡಿದು, ವಾತ ಹಿಡಿದ ಮಂಡಿಗಳನ್ನು ವಂದನೆಗೆ ಬಗ್ಗಿಸಿದಳು. ನೆಲ ಮುಟ್ಟುವಷ್ಟು ಬಗ್ಗಿಸಿದಳು.

"ತಪ್ಪಾಯ್ತು ತಾಯಿ. ನನ್ ಮಗಳು ಇಲ್ಲಿರ್ತಾಳೆ ಅಂತ ಬಂದೆ. ಡಾರ್ಕಸ್ ಅಂತ. ಒಳ್ಳೆ ಹುಡುಗಿ. ಏನಾದ್ರೂ ಹೆಚ್ಚುಕಮ್ಮಿ ಮಾಡಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ."

ಡಾರ್ಕಸ್‌ಳ ತುಟಿ ತೆರೆಯಿತು. ವ್ಯಾನ್ ಓಸ್ಟ್ ಕುಂಚ ಎತ್ತದೆಯೇ, ಅಲುಗಾಡಬೇಡ ಎಂದು ಗೊಣಗಿದ. ಕಿಟಕಿಯ ಬಳಿ ಸಾಹೇಬರು ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದರು. ಆಗ ಡಾರ್ಕಸ್ ಒಂದು ಕೆಲಸ ಮಾಡಿದಳು. ಲೇಡಿ ಆವರ್ನ್ ಬಂದಾಗಲೆಲ್ಲ ನಮ್ಮತ್ತ ಹೇಗೆ ತಲೆಯಾಡಿಸಿ 'ಇನ್ನು ಹೋಗು' ಎನ್ನುತ್ತಿದ್ದರೋ, ಹಾಗೆಯೇ, ಗಲ್ಲವನ್ನು ಒಂದಿಷ್ಟೇ ಇಳಿಸಿದಳು. ಮುದುಕಿ ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಹೋದಳು. ಸಾಹೇಬರು ಜೋರಾಗಿ ನಕ್ಕರು. ನಾನೂ ನಕ್ಕೆ.

ಅಂದು ಸಂಜೆ ವಠಾರವೆಲ್ಲ ಅದೇ ಕಥೆ. ಅಂಥ ದೊಡ್ಡವರು ತನ್ನನ್ನು ಗದರಲಿಲ್ಲ, ತಲೆಯಾಡಿಸಿದರು ಎಂದು ಮುದುಕಿ ಪಂಪಿನ ಬಳಿ ಬಂದವರಿಗೆಲ್ಲ ಹೇಳಿದಳು. ಹಾಗಾದರೆ ನಾಳೆಯಿಂದ ನಮ್ಮಂಥವರ ಹತ್ತಿರ ಮಾತಾಡ್ತೀಯೋ, ಮೊದಲು ಹೆಸರಿನ ಚೀಟಿ ಕಳಿಸಬೇಕೋ ಎಂದು ಮೀನು ಮಾರುವ ನ್ಯಾನ್ ಕೆಣಕಿದಳು. ಮುದುಕಿ ಖುಷಿಯಿಂದಲೇ ಅವಳನ್ನು ಬೈದಳು. ಒಳಗೆ ಡಾರ್ಕಸ್‌ಳ ಮುಂದೆ ಬಾರ್ಲಿ ಗಂಜಿ ಆರಿ ಕೆನೆಗಟ್ಟಿತ್ತು.

"ಹೇಳ್ಬಿಡೆ," ಅಂದೆ ನಾನು.

"ಏನಂತ? ಬಟ್ಟೆ ಹಾಕ್ಕೊಂಡಿದ್ದಕ್ಕೆ ಬೈಸ್ಕೊಂಡೇನು, ಪೆಗ್. ತಲೆ ಆಡಿಸು ಅಂತ ನಂಗ್ಯಾರೂ ಹೇಳಿರ್ಲಿಲ್ಲ."

ನನ್ನ ನಗುವನ್ನು ಅವಳು ಕೇಳಿಸಿಕೊಂಡಿದ್ದಳೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ದಿನ ಕಳೆದ ಹಾಗೆ ಹೇಳುವುದು ಕಷ್ಟವಾಗುತ್ತ ಹೋಯಿತು. ಮುದುಕಿಯ ಕಥೆಯಲ್ಲಿ ದೊರೆಸಾನಿ ಮುಗುಳ್ನಗತೊಡಗಿದರು. ಆಮೇಲೆ, ನಿನ್ನ ಮಗಳು ಒಳ್ಳೆಯವಳು ಎಂದೂ ಅಂದರು. ಭಾನುವಾರ ಚರ್ಚ್ ಮುಗಿಸಿ ನಾನು ತಾಯಿ ಮಗಳ ಕೋಣೆಗೆ ಹೋದಾಗ ಮೇಜಿನ ಮೇಲೆ ಒದ್ದೆ ಎಲೆಯಲ್ಲಿ ಸುತ್ತಿದ ನೇರಳೆ ಹೂಗಳ ಕಟ್ಟು ಇತ್ತು. ನಾಳೆ ಲೇಡಿ ಆವರ್ನ್ ಬರುವ ದಿನವೆಂದು ನನ್ನ ಬಾಯಿಂದಲೇ ತಿಳಿದುಕೊಂಡಿದ್ದಳು ಮುದುಕಿ. ಗಾಡಿಯ ಹತ್ತಿರ ನಿಂತು ತಾನೇ ಕೊಡುತ್ತಾಳಂತೆ. ನಮ್ಮ ಕಡೆಯವರಿಗೂ ಮರ್ಯಾದೆ ಗೊತ್ತು ಅಂತ ಅವರಿಗೆ ತಿಳಿಯಲಿ ಎಂದಳು.

ಗಾಡಿ ಇಳಿಯುವ ದೊರೆಸಾನಿ ದಾರಿಗಡ್ಡವಾದ ಮುದುಕಿಯನ್ನು ಹೇಗೆ ನೋಡುತ್ತಾರೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಡಾರ್ಕಸ್ ಎದ್ದು ನಿಂತಳು.

"ಅಮ್ಮ, ನೀನು ನಾಳೆ ಬರ್ಬೇಡ."

"ಯಾಕೆ? ನಿಂಗೆ ನಾಚಿಕೆಯೇನೆ, ಒಗೆಯೋಳು ಅಮ್ಮ ಅಂತ?"

ಮುದುಕಿ ತಮಾಷೆಗೆ ಅಂದದ್ದು. ಡಾರ್ಕಸ್‌ಳ ಮುಖ ಕಿವಿಯವರೆಗೆ ಕೆಂಪೇರಿತು. ಶಾಲು ಎಳೆದುಕೊಂಡಳು, ಬಾಗಿಲು ತೆಗೆದಳು, ತಾಯಿಯತ್ತ ತಿರುಗದೆ ಅಂದಳು:

"ಅವತ್ತು ನೀನು ಮಂಡಿ ಬಗ್ಗಿಸಿದ್ಯಲ್ಲ ಅಮ್ಮ, ಆ ಕುರ್ಚಿ ಮೇಲೆ ಕೂತಿದ್ದೋಳು ನಾನು."

ಅವಳ ಹೆಜ್ಜೆಯ ಸದ್ದು ಆಗಲೇ ಕೆಳಗಿನ ಮೆಟ್ಟಿಲಲ್ಲಿತ್ತು.