ಕಂಬಳಿ ಬಿಟ್ಟು ಎದ್ದದ್ದು

ನನ್ನ ಅವ್ವ ಬೋರವ್ವನಿಗೆ ಪ್ರಶ್ನೆ ಕೇಳುವ ಚಟ. ಬೇವೂರಿನಲ್ಲಿ ಕುರಿ ಸಾಕಿಕೊಂಡು ಬದುಕಿದವಳು, ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಬಳೆಗಾರನನ್ನೂ ಬಿಡುತ್ತಿರಲಿಲ್ಲ, ಬಸ್ ಕಂಡಕ್ಟರನನ್ನೂ ಬಿಡುತ್ತಿರಲಿಲ್ಲ. ಚಿಕ್ಕವಳಿದ್ದಾಗ ಪಕ್ಕದಲ್ಲಿ ನಿಂತ ನನಗೆ ಮಾನ ಹೋದಂತಾಗುತ್ತಿತ್ತು. ಈಗ ಆ ಬಾಯಿಗೆ ಕೈಮುಗಿಯುತ್ತೇನೆ. ನಾನು ಉಳಿದದ್ದೇ ಅದರಿಂದ.

೧೯೭೮ರಲ್ಲಿ ಚೊಚ್ಚಲ ಹೆರಿಗೆಗೆಂದು ಹುನಗುಂದದ ಗಂಡನ ಮನೆಯಿಂದ ತವರಿಗೆ ಬಂದೆ. ಬ್ಯಾನಿ, ಅಂದರೆ ಹೆರಿಗೆ ನೋವು, ಶುರುವಾದವಳನ್ನು ಮನೆದೇವರು ಬೀರಪ್ಪನ ಭಂಡಾರದ ಅರಿಸಿನ ಹಚ್ಚಿದ ಕರಿ ಕಂಬಳಿಯ ಮೇಲೆ ಕೂರಿಸುವುದು ನಮ್ಮ ಮನೆಯ ಪದ್ಧತಿ. ಒಮ್ಮೆ ಕುಳಿತರೆ ಕೂಸು ಹುಟ್ಟುವ ತನಕ ಏಳುವಂತಿಲ್ಲ. ಅಪ್ಪನ ತಾಯಿ ರಂಗವ್ವ ಆಯಿ ಇದನ್ನು ಬಿಗಿಯಾಗಿ ಕಾಯುತ್ತಿದ್ದಳು. ಅವಳ ಸ್ವಂತ ಮಗಳು ಸೋಮವ್ವ ಅದೇ ಕಂಬಳಿಯ ಮೇಲೆ ಬ್ಯಾನಿ ತಿಂದು ತಿಂದು ಸತ್ತಿದ್ದಳು. ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ದಿನ ತುಂಬುವ ಮೊದಲೇ ಅವ್ವ ಸೂಲಗಿತ್ತಿ ಲಾಲಬಿಯನ್ನೂ ನನ್ನನ್ನೂ ಕರೆದುಕೊಂಡು ಬಾಗಲಕೋಟೆಯ ದವಾಖಾನೆಗೆ ಹೋದಳು. ಕೂಸು ಸರಿಯಾಗಿದೆ, ಹೆರಿಗೆ ಮನೆಯಲ್ಲೇ ಆಗಬಹುದು ಎಂದರು ನರ್ಸಬಾಯಿ. ಬೇರೆಯವರಾಗಿದ್ದರೆ ಎದ್ದು ಬರುತ್ತಿದ್ದರು. ಅವ್ವ ಬೆಂಚು ಬಿಡಲಿಲ್ಲ. ಯಾವಾಗ ಮನೆ ಸಾಕು, ಯಾವಾಗ ಸಾಲದು, ನೀರು ಯಾವ ಬಣ್ಣದ್ದು ಹೋದರೆ ಹೆದರಬೇಕು ಎಂದೆಲ್ಲ ಕೇಳಿ, ಲಾಲಬಿಗೂ ಕೇಳಿಸಿಕೊಳ್ಳಲು ಹೇಳಿದಳು. ಊರಿಗೆ ಬಂದವಳೇ ಕಂಬಳಿಯನ್ನು ಬಿಸಿಲಿಗೆ ಹಾಕಿದಳು. ಹಾಗೆಯೇ ಲಾಲಬಿಯ ಗಂಡ ಸುಭಾನಸಾಬರಿಗೆ ಟ್ರ್ಯಾಕ್ಟರ್ ಊರು ಬಿಟ್ಟು ಒಯ್ಯಬೇಡಿರೆಂದು ಹೇಳಿಟ್ಟಳು.

ಒಂದು ಬೆಳಗ್ಗೆ ಬ್ಯಾನಿ ಬಂತು, ಕಂಬಳಿಯ ಮೇಲೆ ಕುಳಿತೆ. ಬಿಸಿಲೇರಿದಾಗ ನೀರು ಹೋಯಿತು, ಹಸಿರಾಗಿತ್ತು. ಲಾಲಬಿ ಅದನ್ನು ಕಂಡದ್ದೇ ದವಾಖಾನೆಗೆ ನಡೆಯಿರಿ ಎಂದಳು. ಆಯಿ ಬಾಗಿಲಿಗೆ ಅಡ್ಡ ನಿಂತಳು, ಕಂಬಳಿ ಬಿಟ್ಟೆದ್ದರೆ ಬೀರಪ್ಪ ಮುನಿಯುತ್ತಾನೆಂದು. ಅವ್ವ ಜಗಳಕ್ಕೆ ಹೋಗಲಿಲ್ಲ. ಕಂಬಳಿಯ ಮೂಲೆಗೊಬ್ಬರನ್ನು ನಿಲ್ಲಿಸಿ, ಅದರ ಸಮೇತ ನನ್ನನ್ನು ಎತ್ತಿಸಿ ಟ್ರ್ಯಾಕ್ಟರಿನ ಟ್ರೇಲರಿಗೆ ಏರಿಸಿದಳು. ಕಂಬಳಿ ಬಿಟ್ಟಿಲ್ಲವೆಂದು ಆಯಿಯೂ ದಾರಿ ಬಿಟ್ಟಿದ್ದಳು.

ದವಾಖಾನೆಯಲ್ಲಿ ಕಂಬಳಿಯ ಮೇಲೆಯೇ ನನ್ನನ್ನು ಪರೀಕ್ಷಿಸಿ, ಕೂಸಿನ ಎದೆಬಡಿತ ಇಳಿಯುತ್ತಿದೆ, ಹೊಟ್ಟೆ ಕೊಯ್ದು ತೆಗೆಯುವುದು ಒಳ್ಳೆಯದು ಎಂದರು ಡಾಕ್ಟರಬಾಯಿ. ಕೊಯ್ಯುವುದೆಂದರೆ ಸಾವೆಂದೇ ನಾನು ತಿಳಿದಿದ್ದೆ. ಕಾಯ್ದರೆ ಏನಾಗುತ್ತದೆ, ಕೊಯ್ದರೆ ತಾಯಿಗೇನು, ಮುಂದೆ ಮತ್ತೆ ಬಸುರಾದರೆ ಹೇಗೆ ಎಂದು ಅವ್ವ ಅಲ್ಲಿಯೂ ಕೇಳಿದಳು. ಡಾಕ್ಟರಬಾಯಿ ಸಿಡುಕದೆ ಹೇಳಿದರು. ಅವರ ಋಣವೂ ನನ್ನ ಮೇಲಿದೆ. ಆಮೇಲೆ ಅವ್ವ ನನ್ನತ್ತ ತಿರುಗಿದಳು.

"ಸತ್ಯವ್ವ, ಎಲ್ಲಾ ಕೇಳಿದಿ. ಹೊಟ್ಟಿ ನಿಂದು. ನೀ ಹೆಂಗಂತಿ ಹಂಗ."

ನನ್ನ ಲಗ್ನಕ್ಕೂ ಯಾರೂ ನನ್ನನ್ನು ಕೇಳಿರಲಿಲ್ಲ. ಆಗಲಿ ಎಂದೆ. ಅವ್ವನ ಹೆಗಲು ಹಿಡಿದು, ಕಂಬಳಿಯಿಂದ ನಾನೇ ಎದ್ದೆ.

ಹೆಣ್ಣು ಕೂಸು. ಮರುದಿನ ಬಸ್ಸು ಹಿಡಿದು ಬಂದ ಆಯಿ, ಕೂಸನ್ನು ನೋಡುವ ಮೊದಲೇ ಕಂಬಳಿ ಬಿಟ್ಟು ಎದ್ದಳೇನೆಂದು ಕೇಳಿದಳು. ಒಂದು ಸುಳ್ಳಿಗೆ ಎಲ್ಲ ಮುಗಿಯುತ್ತಿತ್ತು. ನಾನು ಅವ್ವನಿಗೆ ಕಣ್ಸನ್ನೆಯನ್ನೂ ಮಾಡಿದೆ.

"ಎದ್ದಳ್ರಿ ಅತ್ತಿ," ಎಂದಳು ಅವ್ವ. "ಎದ್ದದ್ದಕ್ಕ ಇಬ್ಬರೂ ಅದಾರ."

ಆಯಿ ಮಂಚದ ಅಂಚಿಗೆ ಕುಳಿತು ಕೂಸನ್ನು ಉಡಿಗೆ ಹಾಕಿಕೊಂಡಳು. ಸೆರಗಿನಿಂದ ಅದರ ಮುಖ ಒರೆಸಿದಳು.

"ನನ್ನ ಸೋಮವ್ವನ್ನೂ ಎಬ್ಬಸಬೇಕಿತ್ತು," ಎಂದಳು.